ಕಾರಿನ ನಿಜವಾದ ಮೈಲೇಜ್ ಎಷ್ಟು? ತಿಳಿಯುವ ಸರಿಯಾದ ಲೆಕ್ಕ

ಕಾರು ಕೊಳ್ಳುವಾಗ ಶೋರೂಮಿನವರು ಹೇಳುವ ಮೈಲೇಜ್ ಒಂದು. ಅದೇ ಕಾರು ಇಟ್ಟುಕೊಂಡಿರುವ ಪಕ್ಕದ ಮನೆಯವರು ಹೇಳುವುದು ಇನ್ನೊಂದು. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಮೂಡುವ ಅಂಕಿ ಮತ್ತೊಂದು. ಆದರೆ ತಿಂಗಳ ಕೊನೆಗೆ ಪೆಟ್ರೋಲ್ ಬಂಕಿನ ಬಿಲ್ಲುಗಳನ್ನು ಕೂಡಿಸಿದಾಗ ಸಿಗುವ ಲೆಕ್ಕ ಈ ಮೂರಕ್ಕೂ ತಾಳೆಯಾಗುವುದಿಲ್ಲ.

ಗಡಿನಾಡಿನ ಜನರಿಗೆ ಇದು ಕೇವಲ ಕುತೂಹಲದ ವಿಷಯವಲ್ಲ. ಕಾಸರಗೋಡು, ಮಂಜೇಶ್ವರದವರಿಗೆ ಆಸ್ಪತ್ರೆ, ಕಾಲೇಜು, ವ್ಯಾಪಾರ ಎಂದು ಮಂಗಳೂರಿಗೆ ಹೋಗಿ ಬರುವುದು ತಪ್ಪದು. ಹೊಸೂರಿನವರು ಬೆಂಗಳೂರಿಗೆ, ಅಕ್ಕಲಕೋಟೆಯವರು ಸೊಲ್ಲಾಪುರಕ್ಕೆ, ತಾಳವಾಡಿಯವರು ಚಾಮರಾಜನಗರಕ್ಕೋ ಸತ್ಯಮಂಗಲಕ್ಕೋ ಓಡಾಡುತ್ತಲೇ ಇರಬೇಕು. ಬಾಡಿಗೆಗೆ ಕಾರು ಓಡಿಸುವವರು ಕಿಲೋಮೀಟರಿಗೆ ಎಷ್ಟು ದರ ಹೇಳಬೇಕು ಎಂಬುದೂ ಇದೇ ಲೆಕ್ಕದ ಮೇಲೆ ನಿಂತಿದೆ. ನಾಲ್ಕು ಮಂದಿ ಸೇರಿ ಒಂದು ಕಾರಿನಲ್ಲಿ ಕೆಲಸಕ್ಕೆ ಹೋಗುವವರು ಖರ್ಚು ಹಂಚಿಕೊಳ್ಳುವಾಗಲೂ ಸರಿಯಾದ ಅಂಕಿ ಬೇಕು.

ಇದಕ್ಕೆ ದುಬಾರಿ ಯಂತ್ರ ಯಾವುದೂ ಬೇಕಿಲ್ಲ. ಒಂದು ಸಣ್ಣ ಪುಸ್ತಕ, ಒಂದು ಪೆನ್ನು ಮತ್ತು ಎರಡು ಮೂರು ತಿಂಗಳ ತಾಳ್ಮೆ ಇದ್ದರೆ ಸಾಕು.

ಮೈಲೇಜ್ ಎಂದರೇನು?

ಒಂದು ಲೀಟರ್ ಇಂಧನದಲ್ಲಿ ಗಾಡಿ ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬುದನ್ನೇ ನಮ್ಮಲ್ಲಿ ಮೈಲೇಜ್ ಎನ್ನುತ್ತಾರೆ. ಮೈಲಿ ಹೋಗಿ ಕಿಲೋಮೀಟರ್ ಬಂದು ದಶಕಗಳೇ ಕಳೆದರೂ ಹೆಸರು ಮಾತ್ರ ಹಾಗೆಯೇ ಉಳಿದಿದೆ. ಯೂರೋಪಿನ ಹಲವು ದೇಶಗಳಲ್ಲಿ ಇದನ್ನು ತಿರುವಿ, 100 ಕಿ.ಮೀ. ಓಡಲು ಎಷ್ಟು ಲೀಟರ್ ಬೇಕು ಎಂದು ಹೇಳುತ್ತಾರೆ. ಒಂದರಿಂದ ಇನ್ನೊಂದಕ್ಕೆ ಹೋಗುವುದು ಸುಲಭ. 100ನ್ನು ಮೈಲೇಜಿನಿಂದ ಭಾಗಿಸಿದರಾಯಿತು. ಲೀಟರಿಗೆ 20 ಕಿ.ಮೀ. ಎಂದರೆ 100 ಕಿ.ಮೀ.ಗೆ 5 ಲೀಟರ್.

ಈ ಎರಡನೇ ಕ್ರಮಕ್ಕೆ ಒಂದು ಅನುಕೂಲ ಇದೆ. ಲೀಟರಿಗೆ 10 ಕಿ.ಮೀ. ಕೊಡುತ್ತಿದ್ದ ಹಳೆಯ ಜೀಪು ರಿಪೇರಿಯ ನಂತರ 12 ಕೊಟ್ಟರೆ 100 ಕಿ.ಮೀ.ಗೆ 1.67 ಲೀಟರ್ ಉಳಿಯುತ್ತದೆ. ಲೀಟರಿಗೆ 20 ಕೊಡುತ್ತಿದ್ದ ಸಣ್ಣ ಕಾರು 22 ಕೊಟ್ಟರೆ ಉಳಿಯುವುದು ಕೇವಲ 0.45 ಲೀಟರ್. ಎರಡರಲ್ಲೂ ಹೆಚ್ಚಾದದ್ದು 2 ಕಿ.ಮೀ. ಮಾತ್ರ. ಆದರೆ ಜೇಬಿನಲ್ಲಿ ಉಳಿಯುವ ಹಣದಲ್ಲಿ ಸುಮಾರು ಮೂರೂವರೆ ಪಟ್ಟು ವ್ಯತ್ಯಾಸ. ಮೈಲೇಜ್ ಕಡಿಮೆ ಇರುವ ಗಾಡಿಯನ್ನು ಸರಿಪಡಿಸುವುದೇ ಹೆಚ್ಚು ಲಾಭ ಎಂಬುದು ಇದರಿಂದ ತಿಳಿಯುತ್ತದೆ.

ಕಂಪೆನಿ ಹೇಳುವ ಅಂಕಿ ಎಲ್ಲಿಂದ ಬರುತ್ತದೆ?

ಜಾಹೀರಾತಿನಲ್ಲಿ ಕಾಣುವ ಮೈಲೇಜ್ ಸುಳ್ಳಲ್ಲ, ಆದರೆ ಅದು ರಸ್ತೆಯ ಅಂಕಿಯೂ ಅಲ್ಲ. 1966ರಲ್ಲಿ ಸ್ಥಾಪನೆಯಾದ ಪುಣೆಯ ಎಆರ್‌ಎಐ (ಭಾರತೀಯ ವಾಹನ ಸಂಶೋಧನಾ ಸಂಘ) ಮುಂತಾದ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಈ ಪರೀಕ್ಷೆ ನಡೆಯುತ್ತದೆ. ಕಾರನ್ನು ಪ್ರಯೋಗಾಲಯದೊಳಗೆ ಉರುಳೆಗಳ ಮೇಲೆ ನಿಲ್ಲಿಸಿ, ನಿಗದಿಯಾದ ಕ್ರಮದಲ್ಲಿ ವೇಗ ಹೆಚ್ಚಿಸಿ, ತಗ್ಗಿಸಿ, ನಿಲ್ಲಿಸಿ ಓಡಿಸುತ್ತಾರೆ. ಬಿಎಸ್-6 ಕಾರುಗಳವರೆಗೂ ಬಳಸಿಕೊಂಡು ಬಂದ ಈ ಕ್ರಮಕ್ಕೆ ಎಂಐಡಿಸಿ ಎಂದು ಹೆಸರು. ಅದರ ಒಟ್ಟು ಅವಧಿ 1180 ಸೆಕೆಂಡು, ಅಂದರೆ 20 ನಿಮಿಷಕ್ಕಿಂತ ಸ್ವಲ್ಪ ಕಡಿಮೆ. ಗರಿಷ್ಠ ವೇಗ ಗಂಟೆಗೆ 90 ಕಿ.ಮೀ.

ಅಲ್ಲಿ ಎದುರುಗಾಳಿ ಇಲ್ಲ, ಏರು ಇಲ್ಲ, ಹೊಂಡ ಇಲ್ಲ, ಎ.ಸಿ. ಹಾಕಿರುವುದಿಲ್ಲ. ಇನ್ನೊಂದು ವಿಶೇಷವೆಂದರೆ ಅಲ್ಲಿ ಮುಖ್ಯವಾಗಿ ಅಳೆಯುವುದು ಪೆಟ್ರೋಲನ್ನಲ್ಲ, ಹೊಗೆಯನ್ನು. ಹೊಗೆ ಕೊಳವೆಯಿಂದ ಹೊರಬಂದ ಅನಿಲಗಳಲ್ಲಿ ಎಷ್ಟು ಇಂಗಾಲ ಇದೆ ಎಂದು ನೋಡಿ, ಅಷ್ಟು ಇಂಗಾಲ ಬರಬೇಕಾದರೆ ಎಷ್ಟು ಇಂಧನ ಉರಿದಿರಬೇಕು ಎಂದು ಲೆಕ್ಕ ಹಾಕುತ್ತಾರೆ. ಎಲ್ಲ ಕಂಪೆನಿಗಳ ಕಾರುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಈ ಕ್ರಮ ಒಳ್ಳೆಯದು. ಎರಡು ಕಾರುಗಳಲ್ಲಿ ಯಾವುದು ಮಿತವ್ಯಯಿ ಎಂದು ಹೋಲಿಸಲು ಆ ಅಂಕಿ ಸಾಕು. ಮನೆಯ ಖರ್ಚಿನ ಲೆಕ್ಕಕ್ಕೆ ಸಾಲದು.

ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ಗೆ

ಮನೆಯಲ್ಲೇ ಮಾಡಬಹುದಾದ ಕ್ರಮಗಳಲ್ಲಿ ಇದಕ್ಕಿಂತ ನಂಬಿಕೆಯ ಕ್ರಮ ಬೇರೆ ಇಲ್ಲ. ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇದೆ ಎಂದು ನಿಖರವಾಗಿ ತಿಳಿಯುವ ಒಂದೇ ಹಂತವೆಂದರೆ ಅದು ತುಂಬಿದ ಹಂತ. ಹಾಗಾಗಿ ತುಂಬಿದ ಹಂತದಿಂದ ಮತ್ತೆ ತುಂಬಿದ ಹಂತಕ್ಕೆ ಬಂದರೆ, ನಡುವೆ ಹಾಕಿಸಿದ ಪೆಟ್ರೋಲ್ ಅಷ್ಟೂ ಉರಿದು ಹೋದದ್ದೇ ಆಗಿರುತ್ತದೆ. ಕ್ರಮ ಹೀಗಿದೆ:

1. ಬಂಕಿನಲ್ಲಿ ನಾಜಲ್ ತಾನಾಗಿ ನಿಲ್ಲುವವರೆಗೆ ಪೆಟ್ರೋಲ್ ತುಂಬಿಸಬೇಕು. ಮೊದಲ ಸಲ ಟಕ್ ಎಂದು ನಿಂತಲ್ಲಿಗೆ ಮುಗಿಸಬೇಕು. ಬಿಲ್ಲನ್ನು ಸರಿಹೊಂದಿಸಲು ಇನ್ನಷ್ಟು ಹಾಕಿಸಬಾರದು.

2. ಓಡೋಮೀಟರಿನ ಪೂರ್ತಿ ಅಂಕಿಯನ್ನು ಬರೆದಿಡಬೇಕು. ಟ್ರಿಪ್ ಮೀಟರನ್ನು ಸೊನ್ನೆ ಮಾಡಿದರೂ ಓಡೋಮೀಟರಿನ ಅಂಕಿ ಬರೆಯುವುದನ್ನು ಬಿಡಬಾರದು. ಟ್ರಿಪ್ ಮೀಟರನ್ನು ಮನೆಯ ಮಕ್ಕಳೋ ವರ್ಕ್‌ಶಾಪಿನವರೋ ಒತ್ತಿಬಿಟ್ಟರೆ ಲೆಕ್ಕ ಹೋಯಿತು.

3. ಎಂದಿನಂತೆ ಕಾರು ಓಡಿಸಬೇಕು. ಮೈಲೇಜ್ ನೋಡುತ್ತಿದ್ದೇವೆ ಎಂದು ಆ ಒಂದು ವಾರ ಮಾತ್ರ ನಿಧಾನವಾಗಿ ಓಡಿಸಿದರೆ ಸಿಗುವ ಅಂಕಿ ಯಾವ ಪ್ರಯೋಜನಕ್ಕೂ ಬಾರದು.

4. ಟ್ಯಾಂಕ್ ಮುಕ್ಕಾಲು ಪಾಲು ಖಾಲಿಯಾದಾಗ ಸಾಧ್ಯವಾದಷ್ಟು ಅದೇ ಬಂಕಿನಲ್ಲಿ, ಅದೇ ಪಂಪಿನಲ್ಲಿ, ಕಾರನ್ನು ಅದೇ ದಿಕ್ಕಿಗೆ ನಿಲ್ಲಿಸಿ ಮತ್ತೆ ತುಂಬಿಸಬೇಕು. ನೆಲ ಒಂದು ಕಡೆ ವಾಲಿದ್ದರೆ ಟ್ಯಾಂಕಿನಲ್ಲಿ ಗಾಳಿ ಉಳಿದು ನಾಜಲ್ ಬೇಗ ನಿಲ್ಲಬಹುದು.

5. ಬಿಲ್ಲಿನಲ್ಲಿರುವ ಲೀಟರ್ ಮತ್ತು ಓಡೋಮೀಟರಿನ ಹೊಸ ಅಂಕಿ ಎರಡನ್ನೂ ಬರೆದು, ಓಡಿದ ಕಿಲೋಮೀಟರನ್ನು ಲೀಟರಿನಿಂದ ಭಾಗಿಸಬೇಕು.

ನಮ್ಮಲ್ಲಿ ಹೆಚ್ಚಿನವರು ಟ್ಯಾಂಕ್ ಫುಲ್ ಮಾಡಿಸುವುದಿಲ್ಲ, "ಐನೂರಕ್ಕೆ ಹಾಕಿ", "ಸಾವಿರಕ್ಕೆ ಹಾಕಿ" ಎನ್ನುವುದೇ ರೂಢಿ. ಹಾಗೆ ಹಾಕಿಸುವವರಿಗೂ ಈ ಕ್ರಮ ಸಾಧ್ಯ. ಮೊದಲ ದಿನ ಮತ್ತು ಕೊನೆಯ ದಿನ ಮಾತ್ರ ಟ್ಯಾಂಕ್ ಫುಲ್ ಆಗಿರಬೇಕು. ನಡುವೆ ಎಷ್ಟು ಸಲ, ಯಾವ ಬಂಕಿನಲ್ಲಿ, ಎಷ್ಟು ಹಾಕಿಸಿದರೂ ತೊಂದರೆ ಇಲ್ಲ. ಆದರೆ ಒಂದು ಬಿಲ್ಲೂ ತಪ್ಪಿಹೋಗಬಾರದು. ಒಂದು ತಪ್ಪಿದರೂ ಆ ಲೆಕ್ಕವನ್ನು ಬಿಟ್ಟು ಮುಂದಿನ ಫುಲ್ ಟ್ಯಾಂಕ್‌ನಿಂದ ಹೊಸದಾಗಿ ಆರಂಭಿಸುವುದೇ ಸರಿ.

ನಾಜಲ್ ನಿಂತ ಮೇಲೂ ಟ್ಯಾಂಕಿನ ಕುತ್ತಿಗೆಯವರೆಗೆ ತುಂಬಿಸುವ ಅಭ್ಯಾಸ ಕೆಲವರಿಗಿದೆ. ಇದು ಒಳ್ಳೆಯದಲ್ಲ. ಬಿಸಿಲಿಗೆ ಪೆಟ್ರೋಲ್ ಹಿಗ್ಗಲು ಜಾಗ ಬೇಕು. ಪೆಟ್ರೋಲ್ ಆವಿಯನ್ನು ಹಿಡಿದಿಡುವ ಇದ್ದಿಲಿನ ಡಬ್ಬಿಗೆ ದ್ರವ ಪೆಟ್ರೋಲ್ ನುಗ್ಗಿದರೆ ಅದು ಹಾಳಾಗುತ್ತದೆ. ಹಾಗೆಯೇ ಟ್ಯಾಂಕ್ ಪೂರ್ತಿ ಖಾಲಿಯಾಗಿ ಕಾರು ನಿಲ್ಲುವವರೆಗೆ ಓಡಿಸಿ ಮೈಲೇಜ್ ನೋಡುವುದೂ ಬೇಡ. ಈಗಿನ ಕಾರುಗಳಲ್ಲಿ ಪೆಟ್ರೋಲ್ ಪಂಪು ಟ್ಯಾಂಕಿನ ಒಳಗೇ ಇದ್ದು, ಸುತ್ತಲಿನ ಪೆಟ್ರೋಲೇ ಅದನ್ನು ತಂಪಾಗಿಡುತ್ತದೆ.

ಒಂದು ಉದಾಹರಣೆ

ಒಂದು ಸಣ್ಣ ಪೆಟ್ರೋಲ್ ಕಾರಿನ ಪುಸ್ತಕ ಹೀಗಿದೆ ಎಂದಿಟ್ಟುಕೊಳ್ಳಬಹುದು. ಆರಂಭದಲ್ಲಿ ಟ್ಯಾಂಕ್ ಫುಲ್ ಮಾಡಿದಾಗ ಓಡೋಮೀಟರ್ 42,310.

1ನೇ ಸಲ: 42,728 ಕಿ.ಮೀ., 25.60 ಲೀಟರ್ (ಓಡಿದ್ದು 418 ಕಿ.ಮೀ., ಮೈಲೇಜ್ 16.33)
2ನೇ ಸಲ: 43,091 ಕಿ.ಮೀ., 20.15 ಲೀಟರ್ (ಓಡಿದ್ದು 363 ಕಿ.ಮೀ., ಮೈಲೇಜ್ 18.01)
3ನೇ ಸಲ: 43,540 ಕಿ.ಮೀ., 29.90 ಲೀಟರ್ (ಓಡಿದ್ದು 449 ಕಿ.ಮೀ., ಮೈಲೇಜ್ 15.02)
4ನೇ ಸಲ: 43,962 ಕಿ.ಮೀ., 22.75 ಲೀಟರ್ (ಓಡಿದ್ದು 422 ಕಿ.ಮೀ., ಮೈಲೇಜ್ 18.55)
5ನೇ ಸಲ: 44,370 ಕಿ.ಮೀ., 25.10 ಲೀಟರ್ (ಓಡಿದ್ದು 408 ಕಿ.ಮೀ., ಮೈಲೇಜ್ 16.25)

ಒಟ್ಟು ಓಡಿದ್ದು 2,060 ಕಿ.ಮೀ. ಒಟ್ಟು ಪೆಟ್ರೋಲ್ 123.50 ಲೀಟರ್. ಭಾಗಿಸಿದರೆ ಲೀಟರಿಗೆ 16.68 ಕಿ.ಮೀ. ಇದೇ ಆ ಕಾರಿನ ಮೈಲೇಜ್.

ನಾಲ್ಕನೇ ಸಲದ ಅಂಕಿ ಮಾತ್ರ ನೋಡಿದವರು "ನನ್ನ ಕಾರು ಹದಿನೆಂಟೂವರೆ ಕೊಡುತ್ತದೆ" ಎನ್ನುತ್ತಾರೆ. ಮೂರನೆಯದನ್ನು ಮಾತ್ರ ನೋಡಿದವರು ಮೆಕ್ಯಾನಿಕ್ ಹತ್ತಿರ ಓಡುತ್ತಾರೆ. ಎರಡೂ ತಪ್ಪು. ಎರಡನೇ ಸಲ ನಾಜಲ್ ಸ್ವಲ್ಪ ಬೇಗ ನಿಂತು ಟ್ಯಾಂಕ್ ಪೂರ್ತಿ ತುಂಬಿರಲಿಲ್ಲ ಎಂದುಕೊಂಡರೆ, ಆ ಕೊರತೆ ಮೂರನೇ ಸಲಕ್ಕೆ ಸೇರುತ್ತದೆ. ಎರಡನ್ನೂ ಒಟ್ಟು ಮಾಡಿದರೆ 812 ಕಿ.ಮೀ.ಗೆ 50.05 ಲೀಟರ್, ಅಂದರೆ 16.22. ಅದು ಒಟ್ಟು ಸರಾಸರಿಯ ಹತ್ತಿರಕ್ಕೆ ಬಂದುಬಿಟ್ಟಿತು.

ಒಂದು ಲೀಟರ್ ಹೆಚ್ಚುಕಡಿಮೆ ತುಂಬಿತು ಎನ್ನೋಣ. 5 ಲೀಟರ್ ಮಾತ್ರ ಹಾಕಿ ಲೆಕ್ಕ ಮಾಡಿದರೆ ತಪ್ಪು ಶೇ. 20. 30 ಲೀಟರಿನ ಲೆಕ್ಕದಲ್ಲಿ ಅದೇ ತಪ್ಪು ಶೇ. 3.3. ಐದು ಸಲ ಸೇರಿ 120 ಲೀಟರಿನ ಲೆಕ್ಕದಲ್ಲಿ ಶೇ. 1ಕ್ಕಿಂತಲೂ ಕಡಿಮೆ. ಕನಿಷ್ಠ ನಾಲ್ಕೈದು ಟ್ಯಾಂಕ್ ಆಗುವವರೆಗೆ ಯಾವ ತೀರ್ಮಾನಕ್ಕೂ ಬರಬಾರದು ಎನ್ನುವುದು ಇದಕ್ಕೇ.

ಸರಾಸರಿಗಳ ಸರಾಸರಿ ಬೇಡ

ಹಲವರು ಮಾಡುವ ತಪ್ಪು ಇದು. ಮೇಲಿನ ಐದು ಮೈಲೇಜುಗಳನ್ನು ಕೂಡಿಸಿ ಐದರಿಂದ ಭಾಗಿಸಿದರೆ 16.83 ಬರುತ್ತದೆ, 16.68 ಅಲ್ಲ. ಇಲ್ಲಿ ವ್ಯತ್ಯಾಸ ಸಣ್ಣದು. ಘಾಟಿ ರಸ್ತೆಯಲ್ಲಿ ಅದು ದೊಡ್ಡದಾಗುತ್ತದೆ.

ಸತ್ಯಮಂಗಲದಿಂದ ತಾಳವಾಡಿ ಕಡೆಗೆ ಬರುವ ದಾರಿಯಲ್ಲಿ 27 ತಿರುವುಗಳ ದಿಂಬಂ ಘಾಟಿ ಸಿಗುತ್ತದೆ. ಅಂಥ ಘಾಟಿಯಲ್ಲಿ 10 ಕಿ.ಮೀ. ಹತ್ತುವಾಗ ಕಾರು ಲೀಟರಿಗೆ 8 ಕಿ.ಮೀ. ಕೊಟ್ಟು, ಅದೇ 10 ಕಿ.ಮೀ. ಇಳಿಯುವಾಗ 24 ಕೊಟ್ಟಿತು ಎಂದಿಟ್ಟುಕೊಂಡರೆ, ಸರಾಸರಿ 16 ಎಂದು ಹೇಳಲು ನಾಲಿಗೆ ಮುಂದಾಗುತ್ತದೆ. ಆದರೆ ಹತ್ತಲು ಬೇಕಾದದ್ದು 1.25 ಲೀಟರ್, ಇಳಿಯಲು 0.42 ಲೀಟರ್. 20 ಕಿ.ಮೀ.ಗೆ ಒಟ್ಟು 1.67 ಲೀಟರ್. ಅಂದರೆ ನಿಜವಾದ ಮೈಲೇಜ್ 12. ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸುವುದು ಬಿಟ್ಟರೆ ಬೇರೆ ದಾರಿ ಇಲ್ಲ.

ಓಡೋಮೀಟರ್ ನಿಜ ಹೇಳುತ್ತದೆಯೇ?

ಲೀಟರ್ ಸರಿಯಿದ್ದು ಕಿಲೋಮೀಟರ್ ತಪ್ಪಿದ್ದರೂ ಲೆಕ್ಕ ಕೆಡುತ್ತದೆ. ಓಡೋಮೀಟರ್ ದೂರವನ್ನು ನೇರವಾಗಿ ಅಳೆಯುವುದಿಲ್ಲ, ಚಕ್ರ ಎಷ್ಟು ಸುತ್ತು ತಿರುಗಿತು ಎಂದು ಎಣಿಸುತ್ತದೆ. ಚಕ್ರದ ಗಾತ್ರ ಬದಲಾದರೆ ಅದಕ್ಕೆ ಗೊತ್ತಾಗುವುದಿಲ್ಲ.

ಉದಾಹರಣೆಗೆ 155/80 ಆರ್13 ಟಯರಿನ ವ್ಯಾಸ ಸುಮಾರು 578 ಮಿ.ಮೀ. ಅದರ ಬದಲು ಒಂದು ಅಳತೆ ದೊಡ್ಡದಾದ 165/80 ಆರ್13 ಹಾಕಿಸಿದರೆ ವ್ಯಾಸ 594 ಮಿ.ಮೀ. ಆಗುತ್ತದೆ. ಆಗ ಓಡೋಮೀಟರ್ 100 ತೋರಿಸುವಾಗ ಕಾರು ನಿಜವಾಗಿ ಓಡಿದ್ದು ಸುಮಾರು 102.8 ಕಿ.ಮೀ. "ದೊಡ್ಡ ಟಯರ್ ಹಾಕಿದ ಮೇಲೆ ಮೈಲೇಜ್ ಬಿತ್ತು" ಎಂಬ ದೂರಿನಲ್ಲಿ ಒಂದು ಪಾಲು ಈ ಎಣಿಕೆಯದೇ. ಇದಕ್ಕೆ ವಿರುದ್ಧವಾಗಿ, ಟಯರ್ ಸವೆದಂತೆ ವ್ಯಾಸ 12 ಮಿ.ಮೀ.ನಷ್ಟು ಕಡಿಮೆಯಾಗಬಹುದು. ಆಗ ಓಡೋಮೀಟರ್ ಸುಮಾರು ಶೇ. 2ರಷ್ಟು ಹೆಚ್ಚು ತೋರಿಸಿ ಮೈಲೇಜ್ ಚೆನ್ನಾಗಿದ್ದಂತೆ ಕಾಣಿಸುತ್ತದೆ.

ಪರೀಕ್ಷಿಸುವುದು ಕಷ್ಟವಲ್ಲ. ನೇರವಾದ ಹೆದ್ದಾರಿಯಲ್ಲಿ 50 ಕಿ.ಮೀ.ನಷ್ಟು ದೂರವನ್ನು ಮೊಬೈಲಿನ ಜಿಪಿಎಸ್ ಅಥವಾ ಕಿಲೋಮೀಟರ್ ಕಲ್ಲುಗಳ ಜೊತೆ ಹೋಲಿಸಿ ನೋಡಬಹುದು. ರಸ್ತೆ ಅಗಲ ಮಾಡಿದ ಕಡೆ ಹಳೆಯ ಕಲ್ಲುಗಳು ಇಲ್ಲವಾಗಿರಬಹುದು ಅಥವಾ ಸ್ಥಳ ಬದಲಾಗಿರಬಹುದು. ಅಂಥಲ್ಲಿ ಜಿಪಿಎಸ್ ಮೇಲು. ಓಡೋಮೀಟರ್ 50 ತೋರಿಸುವಾಗ ನಿಜವಾದ ದೂರ 48.8 ಇದ್ದರೆ, ಸಿಕ್ಕ ಮೈಲೇಜನ್ನು 0.976ರಿಂದ ಗುಣಿಸಬೇಕು. ಮೇಲಿನ 16.68 ಆಗ 16.28 ಆಗುತ್ತದೆ.

ಸ್ಪೀಡೋಮೀಟರ್ ಹೆಚ್ಚು ತೋರಿಸುತ್ತದೆ ಎಂದ ಮಾತ್ರಕ್ಕೆ ಓಡೋಮೀಟರೂ ಹೆಚ್ಚು ತೋರಿಸಬೇಕೆಂದಿಲ್ಲ. ಸುರಕ್ಷತೆಗಾಗಿ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸದಂತೆ, ಸ್ವಲ್ಪ ಹೆಚ್ಚೇ ತೋರಿಸುವಂತೆ ಕಂಪೆನಿಯವರು ಹೊಂದಿಸಿರುತ್ತಾರೆ. ಎರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ಬಂಕಿನ ಅಳತೆ

ಪೆಟ್ರೋಲ್ ಪಂಪುಗಳಿಗೆ ಕಾನೂನು ಮಾಪನ ಇಲಾಖೆ ಪರಿಶೀಲಿಸಿ ಮುದ್ರೆ ಹಾಕುತ್ತದೆ. 5 ಲೀಟರಿಗೆ 25 ಮಿ.ಲೀ., ಅಂದರೆ ಶೇ. 0.5ರಷ್ಟು ವ್ಯತ್ಯಾಸಕ್ಕೆ ಮಾತ್ರ ಅವಕಾಶ. ಸಂಶಯ ಬಂದರೆ ಬಂಕಿನಲ್ಲಿಟ್ಟಿರುವ ಮುದ್ರೆಯ 5 ಲೀಟರ್ ಅಳತೆ ಪಾತ್ರೆಯಲ್ಲಿ ಹಾಕಿ ತೋರಿಸುವಂತೆ ಗ್ರಾಹಕರು ಕೇಳಬಹುದು. ಅದು ಗ್ರಾಹಕರ ಹಕ್ಕು, ಬಂಕಿನವರ ಉಪಕಾರವಲ್ಲ.

"ನೂರು, ಐನೂರರ ಬದಲು ನೂರ ಹತ್ತಕ್ಕೆ ಹಾಕಿಸಿದರೆ ಮೋಸ ಆಗುವುದಿಲ್ಲ" ಎಂಬ ನಂಬಿಕೆ ಎಲ್ಲ ಕಡೆ ಇದೆ. ಪಂಪಿನ ಮೀಟರ್ ಅಳೆಯುವುದು ಲೀಟರನ್ನು, ರೂಪಾಯಿ ಅದರಿಂದ ಲೆಕ್ಕವಾಗಿ ಬರುವುದು. ಮೀಟರ್ ಸರಿ ಇದ್ದರೆ ಯಾವ ಮೊತ್ತಕ್ಕೂ ಸರಿ, ಕೆಟ್ಟಿದ್ದರೆ ಯಾವ ಮೊತ್ತಕ್ಕೂ ಕೆಟ್ಟದ್ದೇ. ಪರೀಕ್ಷಿಸುವ ದಾರಿ ಅಳತೆ ಪಾತ್ರೆ ಮಾತ್ರ.

"ಬೆಳಗ್ಗೆ ತಂಪು ಹೊತ್ತಿನಲ್ಲಿ ಹಾಕಿಸಿದರೆ ಹೆಚ್ಚು ಪೆಟ್ರೋಲ್ ಸಿಗುತ್ತದೆ" ಎಂಬುದು ಇನ್ನೊಂದು ಮಾತು. ಪೆಟ್ರೋಲ್ ಒಂದು ಡಿಗ್ರಿ ಬಿಸಿಗೆ ಸುಮಾರು ಶೇ. 0.1ರಷ್ಟು ಹಿಗ್ಗುತ್ತದೆ ಎಂಬುದೇನೋ ನಿಜ. ಆದರೆ ಬಂಕಿನ ಟ್ಯಾಂಕ್ ನೆಲದೊಳಗೆ ಇರುವುದರಿಂದ ಬೆಳಗ್ಗೆಗೂ ಮಧ್ಯಾಹ್ನಕ್ಕೂ ಅದರ ಬಿಸಿ ಅಷ್ಟೇನೂ ಬದಲಾಗುವುದಿಲ್ಲ. ಆ ಲಾಭಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ.

ಡ್ಯಾಶ್‌ಬೋರ್ಡ್ ತೋರಿಸುವ ಅಂಕಿ

ಈಗಿನ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಮೈಲೇಜ್ ತಾನಾಗಿ ಮೂಡುತ್ತದೆ. ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಎಂಬುದರಿಂದ ಕಂಪ್ಯೂಟರ್ ಇದನ್ನು ಅಂದಾಜು ಮಾಡುತ್ತದೆ. ಇದು ಅಳತೆಯಲ್ಲ, ಅಂದಾಜು. ಬಹಳ ಕಾರುಗಳಲ್ಲಿ ನಿಜಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ಕಾಣಿಸುತ್ತದೆ.

ಹಾಗೆಂದು ಅದನ್ನು ಪೂರ್ತಿ ತಳ್ಳಿಹಾಕಬೇಕಿಲ್ಲ. ನಾಲ್ಕೈದು ಟ್ಯಾಂಕ್‌ಗಳಲ್ಲಿ ಡ್ಯಾಶ್‌ಬೋರ್ಡ್ 18 ತೋರಿಸಿ ಪುಸ್ತಕದ ಲೆಕ್ಕ 16.7 ಬಂದರೆ, ಆ ಕಾರಿನ ಮಟ್ಟಿಗೆ ಡ್ಯಾಶ್‌ಬೋರ್ಡಿನ ಅಂಕಿಯನ್ನು 0.93ರಿಂದ ಗುಣಿಸಿದರೆ ನಿಜದ ಹತ್ತಿರ ಬರುತ್ತದೆ ಎಂದಾಯಿತು. ಒಂದೇ ಪ್ರಯಾಣದ ಮೈಲೇಜನ್ನು, ಎ.ಸಿ. ಹಾಕಿದಾಗ ಮತ್ತು ಹಾಕದಾಗಿನ ವ್ಯತ್ಯಾಸವನ್ನು ನೋಡಲು ಅದು ಉಪಯುಕ್ತ. ಫುಲ್ ಟ್ಯಾಂಕ್ ಕ್ರಮದಿಂದ ಅಷ್ಟು ಸಣ್ಣ ದೂರದ ಲೆಕ್ಕ ಸಿಗುವುದಿಲ್ಲ.

ಎಥೆನಾಲ್ ಬೆರೆತ ಪೆಟ್ರೋಲ್

ಹಳೆಯ ಪುಸ್ತಕದ ಲೆಕ್ಕಕ್ಕೂ ಈಗಿನದಕ್ಕೂ ಹೋಲಿಸುವವರು ಇದನ್ನು ಮರೆಯಬಾರದು. ದೇಶದಲ್ಲಿ ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಪ್ರಮಾಣ 2022ರಲ್ಲಿ ಶೇ. 10 ತಲುಪಿತು, 2025ರಲ್ಲಿ ಶೇ. 20ಕ್ಕೆ ಏರಿತು. ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನಲ್ಲಿರುವುದಕ್ಕಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಆದ್ದರಿಂದ ಶೇ. 20 ಬೆರೆತ ಇ20 ಪೆಟ್ರೋಲಿನ ಒಂದು ಲೀಟರಿನಲ್ಲಿ ಶುದ್ಧ ಪೆಟ್ರೋಲಿಗಿಂತ ಶೇ. 7ರಷ್ಟು ಶಕ್ತಿ ಕಡಿಮೆ ಇರುತ್ತದೆ.

ನೀತಿ ಆಯೋಗದ 2021ರ ವರದಿಯಲ್ಲಿ ಇ20 ಬಳಕೆಯಿಂದ ಆಗುವ ಇಳಿಕೆಯನ್ನು ಅಂದಾಜು ಮಾಡಲಾಗಿತ್ತು. ಎಥೆನಾಲ್ ಇಲ್ಲದ ಪೆಟ್ರೋಲಿಗೆ ವಿನ್ಯಾಸವಾಗಿ ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ. 6ರಿಂದ 7, ಅಂಥ ದ್ವಿಚಕ್ರ ವಾಹನಗಳಲ್ಲಿ ಶೇ. 3ರಿಂದ 4, ಇ10ಕ್ಕೆ ವಿನ್ಯಾಸವಾಗಿ ಇ20ಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ. 1ರಿಂದ 2 ಎಂದು ಅದರಲ್ಲಿ ಹೇಳಿದೆ. ಹಾಗಾಗಿ ಹತ್ತು ವರ್ಷ ಹಳೆಯ ಕಾರಿನ ಮೈಲೇಜ್ ಒಂದು ಕಿಲೋಮೀಟರ್ ಇಳಿದಿದ್ದರೆ ಕೂಡಲೇ ಎಂಜಿನ್ ಬಿಚ್ಚಿಸಬೇಕಾಗಿಲ್ಲ. ಹೋಲಿಕೆ ಮಾಡುವುದಿದ್ದರೆ 2025ರ ನಂತರದ ಲೆಕ್ಕಗಳನ್ನೇ ಪರಸ್ಪರ ಹೋಲಿಸುವುದು ಸರಿ.

ಡೀಸೆಲ್ ಮತ್ತು ಸಿಎನ್‌ಜಿ

ಡೀಸೆಲ್ ತುಂಬಿಸುವಾಗ ನೊರೆ ಬರುತ್ತದೆ. ನೊರೆಯಿಂದಾಗಿ ನಾಜಲ್ ಬೇಗ ನಿಲ್ಲುವುದುಂಟು. ಆದ್ದರಿಂದ ಪ್ರತಿ ಸಲವೂ ನಿಧಾನವಾಗಿ, ಒಂದೇ ರೀತಿಯಲ್ಲಿ ತುಂಬಿಸಬೇಕು. ಒಂದು ಲೀಟರ್ ಡೀಸೆಲಿನಲ್ಲಿ ಪೆಟ್ರೋಲಿಗಿಂತ ಶೇ. 10ಕ್ಕೂ ಹೆಚ್ಚು ಶಕ್ತಿ ಇರುವುದರಿಂದ ಡೀಸೆಲ್ ಕಾರಿನ ಮೈಲೇಜನ್ನು ಪೆಟ್ರೋಲ್ ಕಾರಿನ ಮೈಲೇಜಿಗೆ ಹಾಗೆಯೇ ಹೋಲಿಸಬಾರದು. ಕಿಲೋಮೀಟರಿಗೆ ಎಷ್ಟು ರೂಪಾಯಿ ಎಂದು ಹೋಲಿಸಬೇಕು.

ಸಿಎನ್‌ಜಿಯನ್ನು ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. ಸಿಲಿಂಡರಿಗೆ ಎಷ್ಟು ಅನಿಲ ಹೋಗುತ್ತದೆ ಎಂಬುದು ಸ್ಟೇಷನ್ನಿನ ಒತ್ತಡ ಮತ್ತು ಆ ಹೊತ್ತಿನ ಬಿಸಿಯನ್ನು ಅವಲಂಬಿಸಿರುವುದರಿಂದ "ಫುಲ್" ಎಂಬುದು ಪ್ರತಿ ಸಲ ಒಂದೇ ಆಗಿರುವುದಿಲ್ಲ. ಇಲ್ಲಿ ಐದು ಸಲ ಸಾಲದು, ಹತ್ತು ಹದಿನೈದು ಸಲದ ಒಟ್ಟು ಲೆಕ್ಕ ಬೇಕು. ಸಿಎನ್‌ಜಿ ಕಾರು ಪೆಟ್ರೋಲಿನಲ್ಲೂ ಓಡಿದ್ದರೆ ಆ ಖರ್ಚನ್ನೂ ಸೇರಿಸಬೇಕು.

ರಸ್ತೆ, ವೇಗ ಮತ್ತು ಎ.ಸಿ.

ಒಂದೇ ಕಾರು ಎರಡು ಊರುಗಳಲ್ಲಿ ಎರಡು ಮೈಲೇಜ್ ಕೊಡುವುದು ಸಹಜ. ಒಟ್ಟು 1200 ಕಿಲೋ ತೂಕದ ಕಾರನ್ನು ಸಾವಿರ ಮೀಟರ್ ಎತ್ತರಕ್ಕೆ ಏರಿಸಲು, ಎಂಜಿನ್ ಪೆಟ್ರೋಲಿನ ಶಕ್ತಿಯ ಕಾಲು ಪಾಲನ್ನು ಮಾತ್ರ ಕೆಲಸಕ್ಕೆ ಬಳಸುತ್ತದೆ ಎಂದು ಹಿಡಿದರೆ, ಸುಮಾರು ಒಂದೂವರೆ ಲೀಟರ್ ಹೆಚ್ಚುವರಿ ಪೆಟ್ರೋಲ್ ಬೇಕು. ಮೇಟ್ಟುಪಾಳ್ಯದಿಂದ ಊಟಿಗೆ ಏರುವುದು ಸುಮಾರು 1900 ಮೀಟರ್. ಆ ಏರಿಗೇ ಎರಡೂಮುಕ್ಕಾಲು ಲೀಟರಿನಷ್ಟು ಹೋಗುತ್ತದೆ. ಇಳಿಯುವಾಗ ಅದರಲ್ಲಿ ಒಂದು ಪಾಲು ಮಾತ್ರ ಮರಳಿ ಸಿಗುತ್ತದೆ, ಉಳಿದದ್ದು ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತದೆ. ನೀಲಗಿರಿ, ವಯನಾಡಿನವರು ಹೋಗಿ ಬರುವ ಎರಡೂ ದಾರಿ ಸೇರಿಸಿಯೇ ಲೆಕ್ಕ ಹಾಕಬೇಕು.

ಸೊಲ್ಲಾಪುರ, ರಾಯದುರ್ಗದ ಬಯಲಿನಲ್ಲಿ ಏರು ತಗ್ಗಿನ ತೊಂದರೆ ಕಡಿಮೆ. ಅಲ್ಲಿ ವೇಗ ಮತ್ತು ಬಿಸಿಲೇ ಮುಖ್ಯ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 80ರ ಬದಲು 100ರಲ್ಲಿ ಹೋದರೆ ವೇಗ ಹೆಚ್ಚಿದ್ದು ಶೇ. 25, ಗಾಳಿಯ ತಡೆ ಹೆಚ್ಚಿದ್ದು ಶೇ. 56. ಸುಡುಬಿಸಿಲಿನಲ್ಲಿ ನಿಂತ ಕಾರನ್ನು ಎ.ಸಿ. ಹಾಕಿ ನಾಲ್ಕೈದು ಕಿ.ಮೀ. ಮಾತ್ರ ಓಡಿಸುವಾಗ ಮೈಲೇಜ್ ತೀರಾ ಕುಸಿಯುತ್ತದೆ. ರೈಲ್ವೆ ಗೇಟು, ಚೆಕ್‌ಪೋಸ್ಟುಗಳಲ್ಲಿ ಎಂಜಿನ್ ಚಾಲೂ ಇಟ್ಟು ಕಾಯುವಾಗ ಗಂಟೆಗೆ ಅರ್ಧದಿಂದ ಒಂದು ಲೀಟರಿನವರೆಗೆ ಸುಮ್ಮನೆ ಉರಿಯುತ್ತದೆ.

ಇವನ್ನೆಲ್ಲ ಪುಸ್ತಕದ ಪಕ್ಕದಲ್ಲಿ ಒಂದೆರಡು ಪದಗಳಲ್ಲಿ ಬರೆದಿಟ್ಟರೆ ಒಳ್ಳೆಯದು. "ಘಾಟಿ", "ಮಳೆ", "ಐದು ಜನ", "ಪೇಟೆ ಓಡಾಟ" ಎಂದು ಬರೆದಿದ್ದರೆ ಅಂಕಿ ಏಕೆ ಏರಿತು, ಏಕೆ ಇಳಿಯಿತು ಎಂದು ಆಮೇಲೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಗಡಿ ದಾಟಿ ಪೆಟ್ರೋಲ್: ಲಾಭವೋ ನಷ್ಟವೋ?

ಪೆಟ್ರೋಲ್, ಡೀಸೆಲ್ ಜಿಎಸ್‌ಟಿಯ ಹೊರಗಿರುವುದರಿಂದ ಪ್ರತಿ ರಾಜ್ಯದ ತೆರಿಗೆ ಬೇರೆ. 2017ರ ಜೂನ್‌ನಿಂದ ಬೆಲೆ ದಿನದಿನವೂ ಪರಿಷ್ಕರಣೆಗೆ ಒಳಪಟ್ಟಿದೆ. ಹೀಗಾಗಿ ಗಡಿಯ ಆಚೆ ಈಚೆ ಬೆಲೆ ಒಂದೇ ಇರುವುದಿಲ್ಲ. ಅಗ್ಗ ಇರುವ ಕಡೆ ಹೋಗಿ ಟ್ಯಾಂಕ್ ತುಂಬಿಸಿ ಬರುವುದು ಗಡಿನಾಡಿನಲ್ಲಿ ಹೊಸತೇನಲ್ಲ. ಅದರಿಂದ ಲಾಭ ಉಂಟೇ ಎಂದು ಹೇಳಬಲ್ಲದ್ದು ನಿಜವಾದ ಮೈಲೇಜ್ ಮಾತ್ರ.

ಲೀಟರಿಗೆ 4 ರೂ. ವ್ಯತ್ಯಾಸ, ಹಾಕಿಸುವುದು 30 ಲೀಟರ್, ಅಗ್ಗದ ಕಡೆಯ ಬೆಲೆ 100 ರೂ., ಮೈಲೇಜ್ 16.68 ಎಂದು ಹಿಡಿಯೋಣ. ಉಳಿಯುವುದು 120 ರೂ. ಹೋಗಿ ಬರಲು 12 ಕಿ.ಮೀ. ಆದರೆ 72 ರೂ.ಗಳ ಪೆಟ್ರೋಲ್ ಸುಟ್ಟು 48 ರೂ. ಕೈಯಲ್ಲಿ ಉಳಿಯುತ್ತದೆ. 20 ಕಿ.ಮೀ. ಆದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. 24 ಕಿ.ಮೀ. ಆದರೆ 144 ರೂ. ಸುಟ್ಟು 24 ರೂ. ನಷ್ಟ. ಟಯರ್, ಆಯಿಲ್, ಸಮಯ ಇದರಲ್ಲಿ ಸೇರಿಲ್ಲ. ಬೇರೆ ಕೆಲಸಕ್ಕೆ ಹೇಗೂ ಆ ದಾರಿಯಲ್ಲಿ ಹೋಗುವವರಿಗೆ ಮಾತ್ರ ಪೂರ್ತಿ ಲಾಭ.

ಸೂತ್ರ ಹೀಗಿದೆ: ಲೀಟರಿಗೆ ಉಳಿಯುವ ರೂಪಾಯಿಯನ್ನು ಹಾಕಿಸುವ ಲೀಟರಿನಿಂದ ಗುಣಿಸಿ, ಅದನ್ನು ಮೈಲೇಜಿನಿಂದ ಗುಣಿಸಿ, ಪೆಟ್ರೋಲ್ ಬೆಲೆಯಿಂದ ಭಾಗಿಸಬೇಕು. ಬರುವ ಅಂಕಿಗಿಂತ ಹೋಗಿ ಬರುವ ಹೆಚ್ಚುವರಿ ದೂರ ಕಡಿಮೆ ಇದ್ದರೆ ಮಾತ್ರ ಹೋಗಬಹುದು. ಮೈಲೇಜನ್ನು 22 ಎಂದು ತಪ್ಪಾಗಿ ನಂಬಿದವರಿಗೆ 26 ಕಿ.ಮೀ. ವರೆಗೂ ಲಾಭ ಇದ್ದಂತೆ ಕಾಣುತ್ತದೆ.

ಮೈಲೇಜ್ ಇಳಿದಾಗ

ಪುಸ್ತಕದ ದೊಡ್ಡ ಉಪಯೋಗ ಇದು. ಒಂದು ಟ್ಯಾಂಕಿನಲ್ಲಿ ಇಳಿದರೆ ಗಾಬರಿ ಬೇಡ. ಅದೇ ದಾರಿ, ಅದೇ ಓಡಾಟ ಇದ್ದೂ ಮೂರು ಟ್ಯಾಂಕ್‌ಗಳಲ್ಲಿ ಸತತವಾಗಿ ಶೇ. 10ಕ್ಕಿಂತ ಹೆಚ್ಚು ಇಳಿದರೆ ಏನೋ ತೊಂದರೆ ಇದೆ ಎಂದೇ ಅರ್ಥ. ಮೊದಲು ಟಯರಿನ ಗಾಳಿ ನೋಡಬೇಕು. ಆಮೇಲೆ ಬ್ರೇಕ್ ಹಿಡಿದುಕೊಂಡಿದೆಯೇ ಎಂದು ನೋಡಬೇಕು. ಸ್ವಲ್ಪ ದೂರ ಓಡಿಸಿದ ಮೇಲೆ ಒಂದು ಚಕ್ರದ ಹತ್ತಿರ ಮಾತ್ರ ವಿಪರೀತ ಬಿಸಿ ಇದ್ದರೆ ಅದೇ ಗುರುತು. ಮುಂದೆ ವೀಲ್ ಅಲೈನ್‌ಮೆಂಟ್, ಕ್ಲಚ್, ಥರ್ಮೋಸ್ಟಾಟ್, ಆಕ್ಸಿಜನ್ ಸೆನ್ಸರ್. ಪೆಟ್ರೋಲ್ ಸೋರುವ ವಾಸನೆ ಬಂದರೆ ಕೂಡಲೇ ವರ್ಕ್‌ಶಾಪಿಗೆ ಒಯ್ಯಬೇಕು. ಹೀಗೆ ಪುಸ್ತಕ ಹಿಡಿದು ಹೋದವರಿಗೆ ಮೆಕ್ಯಾನಿಕ್ ಕೂಡ ಸರಿಯಾಗಿ ಕಿವಿಗೊಡುತ್ತಾನೆ.

ಡ್ರೈವರ್ ಇಟ್ಟು ಕಾರು ಓಡಿಸುವವರಿಗೆ ಇನ್ನೊಂದು ಮಾತು. ಒಂದು ಸಲ ಮೈಲೇಜ್ ಕಡಿಮೆ ಬಂತೆಂದು ಡ್ರೈವರ್ ಪೆಟ್ರೋಲ್ ಕದ್ದ ಎಂದು ಅನುಮಾನಿಸುವುದು, ಮಾತಿಗೆ ಮಾತು ಬೆಳೆದು ಕೆಲಸ ಹೋಗುವುದು ನಡೆಯುತ್ತಲೇ ಇರುತ್ತದೆ. ಮೇಲಿನ ಉದಾಹರಣೆಯಲ್ಲಿ 18ರಿಂದ 15ಕ್ಕೆ ಇಳಿದದ್ದು ನಾಜಲ್ ಬೇಗ ನಿಂತದ್ದರಿಂದಲೇ ಹೊರತು ಕಳ್ಳತನದಿಂದ ಅಲ್ಲ. ಮಾಲೀಕ, ಡ್ರೈವರ್ ಇಬ್ಬರೂ ನೋಡುವಂತೆ ಕಾರಿನಲ್ಲೇ ಪುಸ್ತಕ ಇಟ್ಟು, ಐದು ಟ್ಯಾಂಕಿನ ಒಟ್ಟು ಲೆಕ್ಕ ನೋಡಿ ಮಾತನಾಡುವುದು ಇಬ್ಬರಿಗೂ ಕ್ಷೇಮ.

ಪುಸ್ತಕದಲ್ಲಿ ಇರಬೇಕಾದದ್ದು

ದಿನಾಂಕ. ಓಡೋಮೀಟರಿನ ಅಂಕಿ. ಹಾಕಿಸಿದ ಲೀಟರ್, ಎರಡು ದಶಮಾಂಶದವರೆಗೆ. ಕೊಟ್ಟ ರೂಪಾಯಿ. ಟ್ಯಾಂಕ್ ಫುಲ್ ಆಯಿತೇ, ಇಲ್ಲವೇ. ಬಂಕ್ ಯಾವುದು. ವಿಶೇಷವೇನಾದರೂ ಇದ್ದರೆ ಒಂದು ಪದ. ಇಷ್ಟು ಬರೆಯಲು ಬಂಕಿನಲ್ಲಿ ಅರ್ಧ ನಿಮಿಷ ಸಾಕು. ಲೀಟರಿಗೆ 105 ರೂ. ಎಂದು ಹಿಡಿದರೆ 16.68 ಮೈಲೇಜಿನ ಕಾರಿಗೆ ಕಿಲೋಮೀಟರಿಗೆ ಪೆಟ್ರೋಲ್ ಖರ್ಚು 6 ರೂ. 30 ಪೈಸೆ. ತಿಂಗಳಿಗೆ ಸಾವಿರ ಕಿ.ಮೀ. ಓಡಿದರೆ 6,300 ರೂ. ಆಗುತ್ತದೆ.